ಇದೇನು, ಯಾವುದಕ್ಕೆ? ಅಟ್ಟದಿಂದ ಇಳಿದ ವಸ್ತುಗಳ ಬಗ್ಗೆ ಓದುಗರ ಪ್ರಶ್ನೆಗಳು

ಹಳೆಯ ವಸ್ತುಗಳ ಛಾಯಾಚಿತ್ರ ಕಳುಹಿಸಿ, ಅವು ಯಾವ ಕೆಲಸಕ್ಕೆ ಬರುತ್ತಿದ್ದವು ಎಂದು ಕೇಳುವ ಓದುಗರಿಗಾಗಿ ಮೀಸಲಾದ ಅಂಕಣವಿದು. ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಮಂಗಳೂರು ಮತ್ತು ಉಡುಪಿಯ ಆಸುಪಾಸಿನ ಹಳೆಮನೆಗಳನ್ನು ಕೆಡಹುವಾಗಲೋ, ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವಾಗಲೋ ಅಟ್ಟದಿಂದ ಇಳಿದ ವಸ್ತುಗಳನ್ನು ಕುರಿತವು. ಉತ್ತರಗಳಿಗೆ ಹೋಗುವ ಮೊದಲು ಒಂದು ವಿನಂತಿ ಇದೆ. ನೆಲದ ಮೇಲಿಟ್ಟು ಮೇಲಿನಿಂದ ತೆಗೆದ ಒಂದೇ ಒಂದು ಚಿತ್ರದಲ್ಲಿ ವಸ್ತುವಿನ ಆಕಾರ ಮಾತ್ರ ಕಾಣುತ್ತದೆ. ಅದರ ಅಳತೆ, ತೂಕ, ತಳ ಯಾವುದೂ ತಿಳಿಯುವುದಿಲ್ಲ. ಪಕ್ಕದಲ್ಲಿ ಒಂದು ಅಡಿಕೋಲನ್ನು ಇಟ್ಟು ಚಿತ್ರ ತೆಗೆಯಿರಿ, ಮಗುಚಿ ಹಾಕಿ ಇನ್ನೊಂದು ತೆಗೆಯಿರಿ, ಎಲ್ಲಿ ಸವೆದಿದೆಯೋ ಅಲ್ಲಿನದನ್ನು ಹತ್ತಿರದಿಂದ ತೆಗೆಯಿರಿ. ಇದೆಲ್ಲವನ್ನೂ ಹುಣಸೆಹುಳಿ ಹಾಕಿ ತಿಕ್ಕುವ ಮೊದಲೇ ಮಾಡಬೇಕು. ವಸ್ತು ಯಾವುದಕ್ಕೆಂದು ತಿಳಿಯಲು ಅದರ ಆಕಾರಕ್ಕಿಂತ ಅದರ ಸವೆತವನ್ನು ನಂಬಬಹುದು ಎಂಬುದು ಈ ಅಂಕಣದ ಅನುಭವ. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಆ ಸವೆತದ ಆಧಾರದ ಮೇಲೆಯೇ ನಿಂತಿವೆ.

ಪ್ರಶ್ನೆ: ಅಜ್ಜಿಯ ಮರದ ಪೆಟ್ಟಿಗೆಯಲ್ಲಿ ಅರ್ಧಗೋಲದ ಆಕಾರದ, ಬಹಳ ತೆಳ್ಳಗಿನ ತಾಮ್ರದ ಬಟ್ಟಲೊಂದು ಸಿಕ್ಕಿದೆ. ತಳದ ನಟ್ಟನಡುವೆ ಸೂಜಿ ಮಾತ್ರ ತೂರುವಂತಹ ತೂತು ಇದೆ. ಶಿವಲಿಂಗದ ಮೇಲೆ ತೂಗುಹಾಕುವ ಧಾರಾಪಾತ್ರೆ ಇರಬೇಕೆಂದು ದೊಡ್ಡಪ್ಪ ಹೇಳುತ್ತಾರೆ. ತೂತು ಬಿದ್ದ ಪಾತ್ರೆ ಮನೆಯಲ್ಲಿ ಇರಬಾರದು, ಬೆಸುಗೆ ಹಾಕಿಸು ಎಂದು ಅಮ್ಮ ಹೇಳುತ್ತಾರೆ. ಯಾರ ಮಾತು ಸರಿ?
– ಓದುಗರು, ಕೋಟ

ಉತ್ತರ: ದಯವಿಟ್ಟು ಬೆಸುಗೆ ಹಾಕಿಸಬೇಡಿ, ಆ ತೂತನ್ನು ಮುಚ್ಚಿದರೆ ಬಟ್ಟಲಿಗೆ ಬೇರೆ ಕೆಲಸವೇ ಇಲ್ಲ. ದೊಡ್ಡಪ್ಪನವರ ಊಹೆ ಬುದ್ಧಿವಂತರ ಊಹೆಯೇ ಆದರೂ ಚಿತ್ರ ಅದನ್ನು ಒಪ್ಪುವುದಿಲ್ಲ. ಧಾರಾಪಾತ್ರೆಯನ್ನು ಸರಪಣಿಯಿಂದ ತೂಗುಹಾಕಬೇಕಾದುದರಿಂದ ಅದರ ಅಂಚಿಗೆ ಬಳೆಗಳೋ ಕಿವಿಗಳೋ ಇರಲೇಬೇಕು, ತುಂಬಿದ ನೀರಿನ ಭಾರವನ್ನು ತಡೆಯುವಷ್ಟು ದಪ್ಪ ತಗಡೂ ಬೇಕು. ನಿಮ್ಮ ಬಟ್ಟಲಿನ ಅಂಚಿನಲ್ಲಿ ಬಳೆಯೂ ಇಲ್ಲ, ಬಳೆ ಇದ್ದು ಕಿತ್ತುಹೋದ ಗುರುತೂ ಇಲ್ಲ. ತಗಡು ಬೆರಳಿನಿಂದ ಒತ್ತಿದರೆ ಬಾಗುವಷ್ಟು ತೆಳುವಾಗಿದೆ ಎಂದು ನೀವೇ ಬರೆದಿದ್ದೀರಿ. ತೂಗುಹಾಕುವ ಪಾತ್ರೆಯಲ್ಲ, ನೀರಿನ ಮೇಲೆ ತೇಲಿಬಿಡುವ ಪಾತ್ರೆ ಇದು: ಗಳಿಗೆ ಬಟ್ಟಲು.

ದೊಡ್ಡ ಹಂಡೆಯಲ್ಲಿ ಸೋಸಿದ ನೀರು ತುಂಬಿ ಈ ಬಟ್ಟಲನ್ನು ಮೆಲ್ಲನೆ ತೇಲಿಬಿಡುತ್ತಿದ್ದರು. ತಳದ ತೂತಿನಿಂದ ನೀರು ಏರುತ್ತಾ ಏರುತ್ತಾ ಬಟ್ಟಲು ತುಂಬಿ, ಒಮ್ಮೆಲೇ ಮುಳುಗುತ್ತದೆ. ತೇಲಿಬಿಟ್ಟಲ್ಲಿಂದ ಮುಳುಗುವವರೆಗಿನ ಅವಧಿಯೇ ಒಂದು ಗಳಿಗೆ, ಈಗಿನ ಲೆಕ್ಕದಲ್ಲಿ 24 ನಿಮಿಷ. ಹಗಲು ರಾತ್ರಿ ಸೇರಿ 60 ಗಳಿಗೆ, ಅಂದರೆ ಒಂದು ತಾಸಿಗೆ ಎರಡೂವರೆ. ಎರಡು ಗಳಿಗೆಗೆ ಒಂದು ಮುಹೂರ್ತ. ತಳದಲ್ಲಿ ತೂತುಳ್ಳ ತಾಮ್ರದ ಪಾತ್ರೆ ಶುದ್ಧವಾದ ನೀರಿನಲ್ಲಿ ಅಹೋರಾತ್ರಿಗೆ ಅರವತ್ತು ಸಲ ಮುಳುಗಬೇಕೆಂಬ ವಿವರ ಹಳೆಯ ಖಗೋಳ ಗ್ರಂಥವಾದ ಸೂರ್ಯಸಿದ್ಧಾಂತದಲ್ಲಿಯೇ ಬರುತ್ತದೆ. ಗೋಡೆ ಗಡಿಯಾರ ಮನೆಗೆ ಬರುವ ಮೊದಲು ಮದುವೆಯ ಧಾರೆಗೆ, ಮಗು ಹುಟ್ಟಿದ ಗಳಿಗೆಯನ್ನು ಜಾತಕಕ್ಕೆ ಗುರುತಿಸಲಿಕ್ಕೆ ಜೋಯಿಸರಿಗೆ ಇದೇ ಆಧಾರವಾಗಿತ್ತು. ಸೂರ್ಯೋದಯಕ್ಕೆ ತೇಲಿಬಿಟ್ಟು, ಮುಳುಗಿದಾಗಲೆಲ್ಲ ಎತ್ತಿ ನೀರು ಚೆಲ್ಲಿ ಮತ್ತೆ ತೇಲಿಬಿಟ್ಟು, ಎಷ್ಟು ಸಲವಾಯಿತೆಂದು ಲೆಕ್ಕವಿಡುವ ಒಬ್ಬರು ಅದರ ಪಕ್ಕದಲ್ಲೇ ಕುಳಿತಿರಬೇಕಾಗಿತ್ತು. ಮದುವೆಮನೆಯ ಗದ್ದಲದಲ್ಲಿ ಎಲ್ಲರಿಗಿಂತ ಬೇಸರದ ಕೆಲಸ ಅವರದೇ ಆಗಿದ್ದಿರಬೇಕು.

ಪರೀಕ್ಷೆ ಸುಲಭ. ಅಗಲವಾದ ಪಾತ್ರೆಯಲ್ಲಿ ಸೋಸಿದ ನೀರು ತುಂಬಿ ಬಟ್ಟಲನ್ನು ತೇಲಿಬಿಟ್ಟು ಗಡಿಯಾರ ನೋಡಿ. 24 ನಿಮಿಷಕ್ಕೆ ಹತ್ತಿರ ಬಂದರೆ ಸಂಶಯಕ್ಕೆ ಎಡೆಯಿಲ್ಲ. ಬಹಳ ಹೊತ್ತು ತಗಲಿದರೆ ತೂತಿನಲ್ಲಿ ಕಿಲುಬು ಕಟ್ಟಿದೆ ಎಂದು ತಿಳಿಯಿರಿ. ಆದರೆ ಸೂಜಿ ಹಾಕಿ ಕೆದಕಬೇಡಿ. ಕೂದಲೆಳೆಯಷ್ಟು ದೊಡ್ಡದಾದರೂ ಬಟ್ಟಲು ಬೇಗ ಮುಳುಗತೊಡಗುತ್ತದೆ, ಮತ್ತೆ ಅದನ್ನು ಸರಿಪಡಿಸುವ ಉಪಾಯವಿಲ್ಲ.

ಪ್ರಶ್ನೆ: ನಮ್ಮದು ಹಿಂದೆ ಅಕ್ಕಿ ಮತ್ತು ಮೆಣಸಿನ ವ್ಯಾಪಾರ ಮಾಡುತ್ತಿದ್ದ ಮನೆತನ. ಗಲ್ಲಾಪೆಟ್ಟಿಗೆಯ ಅಡಿಯಲ್ಲಿ ಹಿಡಿಯುಳ್ಳ ಒಂದು ಮರದ ಹಲಗೆ ಇತ್ತು. ಅದರ ಮೇಲೆ ಸಾಲಿಗೆ ಹತ್ತರಂತೆ ಹತ್ತು ಸಾಲು ಸಣ್ಣ ಸಣ್ಣ ಗುಳಿಗಳಿವೆ. ಮಕ್ಕಳು ಚೆನ್ನೆಮಣೆ ಎನ್ನುತ್ತಾರೆ. ಪರಿಚಯದ ವೈದ್ಯರೊಬ್ಬರು ಔಷಧದ ಗುಳಿಗೆ ಕಟ್ಟುವ ಹಲಗೆ ಎನ್ನುತ್ತಾರೆ.
– ಓದುಗರು, ಮೂಲ್ಕಿ

ಉತ್ತರ: ಚೆನ್ನೆಮಣೆ ಅಲ್ಲವೆಂದು ಮೂಲ್ಕಿಯವರಿಗೆ ನಾವು ಹೇಳಬೇಕಾಗಿಲ್ಲ. ಅದರಲ್ಲಿ ಏಳರಂತೆ ಎರಡು ಸಾಲು, ಒಂದೊಂದು ಗುಳಿಯೂ ನಾಲ್ಕು ಕಾಯಿ ಹಾಕಿ ಬೆರಳಿನಿಂದ ಬಾಚಿ ತೆಗೆಯುವಷ್ಟು ಅಗಲ. ನಿಮ್ಮ ಹಲಗೆಯ ಗುಳಿಯಲ್ಲಿ ತೊಗರಿಬೇಳೆಯೊಂದು ಕೂತರೆ ಹೆಚ್ಚು. ಔಷಧದ ಹಲಗೆಯೆಂಬ ಊಹೆಗೂ ಒಂದು ಅಡ್ಡಿಯಿದೆ: ಗುಳಿಗೆ ಉಂಡೆಯಾಗಿರುತ್ತದೆ, ಅದಕ್ಕೆ ಬಟ್ಟಲಿನಂತೆ ದುಂಡಗೆ ಕೊರೆದ ಗುಳಿ ಬೇಕು. ನೀವು ಓರೆಯಾಗಿ ತೆಗೆದ ಎರಡನೆಯ ಚಿತ್ರದಲ್ಲಿ ಗುಳಿಗಳ ತಳ ಸಪಾಟಾಗಿದೆ, ಆಳ ಬಹಳ ಕಡಿಮೆ. ಚಪ್ಪಟೆಯಾದ, ತೀರಾ ಚಿಕ್ಕದಾದ, ಎಲ್ಲವೂ ಒಂದೇ ಅಳತೆಯದಾದ ಏನನ್ನೋ ಒಂದೊಂದಾಗಿ ಕೂರಿಸಲು ಮಾಡಿದ ಹಲಗೆ ಇದು. ಗಲ್ಲಾಪೆಟ್ಟಿಗೆಯ ಅಡಿಯಲ್ಲಿ ಸಿಕ್ಕಿತೆಂಬುದು ಉಳಿದ ಅರ್ಧವನ್ನು ಹೇಳುತ್ತದೆ. ಇದು ಹಣ ಎಣಿಸುವ ಹಲಗೆ.

ಇಲ್ಲಿ ಹಣ ಎಂದರೆ ದುಡ್ಡೆಂಬ ಸಾಮಾನ್ಯ ಅರ್ಥದಲ್ಲಲ್ಲ, ಆ ಹೆಸರಿನ ಚಿನ್ನದ ನಾಣ್ಯ. ವಿಜಯನಗರದ ಕಾಲದ ಲೆಕ್ಕದಲ್ಲಿ ಹತ್ತು ಹಣಕ್ಕೆ ಒಂದು ವರಹ. ಮೈಸೂರಿನ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರಾಯ ಹಣ, ಮಲಬಾರಿನ ಕಡೆಯ ವೀರರಾಯ ಹಣ ಇವೆಲ್ಲ ಅದೇ ಜಾತಿಯವು. ಒಂದರ ತೂಕ ಅರ್ಧ ಗ್ರಾಮಿಗಿಂತಲೂ ಕಡಿಮೆ. ಬೆರಳ ತುದಿಗೆ ಅಂಟಿಕೊಂಡು ಬರುವ, ಉಗುರಿನ ಸಂದಿಯಲ್ಲಿ ಅಡಗಿಕೊಳ್ಳುವ ಇಂತಹ ನಾಣ್ಯವನ್ನು ನೂರಾರು ಸಂಖ್ಯೆಯಲ್ಲಿ ಒಂದೊಂದಾಗಿ ಎಣಿಸುವುದೆಂದರೆ ಸಾಹುಕಾರನಿಗೂ ಗುಮಾಸ್ತನಿಗೂ ತಲೆನೋವು, ಎಣಿಸುವ ಕೈ ಶುದ್ಧವಿಲ್ಲದಿದ್ದರೆ ನಷ್ಟವೂ ಹೌದು. ಅದಕ್ಕೆ ಕಂಡುಕೊಂಡ ಉಪಾಯ ಈ ಹಲಗೆ. ಒಂದು ಹಿಡಿ ಹಣವನ್ನು ಹಲಗೆಯ ಮೇಲೆ ಸುರಿದು ಮೆಲ್ಲನೆ ಅಲುಗಾಡಿಸಿದರೆ ಒಂದೊಂದು ಗುಳಿಯಲ್ಲಿ ಒಂದೊಂದು ಹಣ ಕೂರುತ್ತದೆ. ಮಿಕ್ಕಿದ್ದನ್ನು ಅಂಗೈಯಿಂದ ಸವರಿ ತೆಗೆದರೆ ಹಲಗೆಯಲ್ಲಿ ಉಳಿದದ್ದು ಸರಿಯಾಗಿ ನೂರು. ಮಗುಚಿ ಚೀಲಕ್ಕೆ ಹಾಕಿ ಮತ್ತೊಂದು ಹಿಡಿ ಸುರಿಯುವುದು. ಗುಳಿಯ ಆಳ ನಾಣ್ಯದ ದಪ್ಪಕ್ಕೆ ಸರಿಯಾಗಿ ಇರಬೇಕು ಎಂಬುದೇ ಇದರ ಗುಟ್ಟು. ಆಳ ಹೆಚ್ಚಾದರೆ ಒಂದರ ಮೇಲೊಂದು ಕುಳಿತು ಲೆಕ್ಕ ತಪ್ಪುತ್ತದೆ, ಕಡಿಮೆಯಾದರೆ ಸವರುವಾಗ ಕುಳಿತದ್ದೂ ಜಾರಿಹೋಗುತ್ತದೆ. ನಿಮ್ಮ ಹಲಗೆಯಲ್ಲಿ ಬಲಗಡೆಯ ಅಂಚು ಮಾತ್ರ ನುಣುಪಾಗಿ ತಗ್ಗಿರುವುದನ್ನು ನೋಡಿ. ಎಡಗೈಯಲ್ಲಿ ಹಿಡಿ, ಬಲ ಅಂಗೈಯಿಂದ ಒಂದೇ ದಿಕ್ಕಿಗೆ ಸವರುವುದು: ಹೀಗೆ ಎಷ್ಟೋ ವರ್ಷ ನಡೆದಿದೆ.

ಈ ಕರಾವಳಿಯಲ್ಲಿ ಇಂತಹ ಹಲಗೆ ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಬಾರಕೂರು ಗದ್ಯಾಣವೆಂಬ ನಾಣ್ಯದ ಉಲ್ಲೇಖ ಶಾಸನಗಳಲ್ಲಿದೆ, ಬಸರೂರಿನಿಂದ ಅಕ್ಕಿ ಹಡಗೇರಿ ಹೋಗುತ್ತಿತ್ತು, ಘಟ್ಟದ ಮೆಣಸು ಇಲ್ಲಿನ ಬಂದರುಗಳಿಗೆ ಇಳಿಯುತ್ತಿತ್ತು. 1799ರಲ್ಲಿ ಈ ಸೀಮೆ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಹೋಯಿತು. 1835ರಲ್ಲಿ ಕಂಪೆನಿ ತನ್ನ ಆಡಳಿತಕ್ಕೆಲ್ಲ ಒಂದೇ ಬಗೆಯ ಬೆಳ್ಳಿ ರೂಪಾಯಿಯನ್ನು ಗೊತ್ತುಮಾಡಿದ ಮೇಲೆ ಹಣದ ಚಲಾವಣೆ ಕುಗ್ಗುತ್ತಾ ಬಂದು ಹಲಗೆಗೂ ಕೆಲಸ ತಪ್ಪಿತು. ಖಚಿತಪಡಿಸಿಕೊಳ್ಳಬೇಕೆಂದಿದ್ದರೆ ಗುಳಿಯ ಅಡ್ಡಳತೆಯನ್ನು ಬರೆದುಕೊಂಡು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯಕ್ಕೆ ಹೋಗಿ ಬನ್ನಿ. ಹಳೆಯ ನಾಣ್ಯಗಳನ್ನು ಕಣ್ಣಾರೆ ಕಂಡರೆ ಅಳತೆ ತಾಳೆ ಬೀಳುತ್ತದೆಯೋ ಇಲ್ಲವೋ ಎಂದು ನೀವೇ ತೀರ್ಮಾನಿಸಬಹುದು.

ಪ್ರಶ್ನೆ: ಬೆಳ್ತಂಗಡಿ ಕಡೆಯ ನೆಂಟರ ಮನೆಯ ಹಟ್ಟಿಯಲ್ಲಿ, ನೊಗದ ಪಕ್ಕದಲ್ಲಿ, ದಪ್ಪನೆಯ ಒಂದು ಮರದ ದಿಮ್ಮಿಯನ್ನು ಕಂಡೆ. ಆರ್ಪಾರು ಎರಡು ತೂತುಗಳಿವೆ. ಹಿಂದೆ ಕಳ್ಳರ ಕಾಲಿಗೆ ಹಾಕುತ್ತಿದ್ದ ಕೋಳ ಎಂದು ನನ್ನ ಜೊತೆಯಲ್ಲಿದ್ದವರು ಹೇಳಿದರು. ನಂಬಬಹುದೇ?
– ಓದುಗರು, ಬೆಂಗಳೂರು

ಉತ್ತರ: ನಂಬಬೇಡಿ. ಕಾಲಿಗೆ ಹಾಕುವ ಕೋಳವಾದರೆ ಮರವನ್ನು ಎರಡು ಹೋಳಾಗಿ ತೆರೆದು ಮುಚ್ಚುವಂತಿರಬೇಕು, ಇಲ್ಲವಾದರೆ ಕಾಲು ಒಳಗೆ ಹೋಗುವುದು ಹೇಗೆ? ನಿಮ್ಮ ಚಿತ್ರದ ದಿಮ್ಮಿ ಅಖಂಡವಾಗಿದೆ, ತೂತುಗಳು ಎರಡು ಬೆರಳು ಹಿಡಿಸುವಷ್ಟು ಕಿರಿದಾಗಿವೆ. ಇದು ಕಂಬಳದ ಕನೆಹಲಗೆ.

ಕಂಬಳದಲ್ಲಿ ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಎಂಬ ವಿಭಾಗಗಳಿವೆ. ಮೊದಲಿನವುಗಳಲ್ಲಿ ಕೋಣಗಳ ವೇಗವೇ ಮುಖ್ಯ. ಕನೆಹಲಗೆಯಲ್ಲಿ ನೋಡುವುದು ನೀರು ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದನ್ನು. ಓಡಿಸುವವನು ಈ ದಿಮ್ಮಿಯ ಮೇಲೆ ಒಂದು ಕಾಲೂರಿ ನಿಲ್ಲುತ್ತಾನೆ. ಕೋಣಗಳು ಕೆಸರುನೀರಿನ ಕರೆಯಲ್ಲಿ, ಅಂದರೆ ಓಟದ ಹಾದಿಯಲ್ಲಿ, ರಭಸದಿಂದ ಎಳೆದುಕೊಂಡು ಹೋದಾಗ ಹಲಗೆಯ ಅಡಿಗೆ ಸಿಕ್ಕಿದ ನೀರಿಗೆ ಬೇರೆ ದಾರಿಯಿಲ್ಲದೆ ಆ ಎರಡು ತೂತುಗಳಿಂದ ಮೇಲಕ್ಕೆ ಹಾರುತ್ತದೆ. ಕರೆಗೆ ಅಡ್ಡಲಾಗಿ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ನಿಶಾನೆಯ ಬಟ್ಟೆ ಕಟ್ಟಿರುತ್ತಾರೆ. ನಿಶಾನೆಗೆ ನೀರು ಹಾಯಿಸಿದ ಕೋಣಗಳ ಯಜಮಾನನಿಗೆ ಆ ದಿನ ನೆಲದ ಮೇಲೆ ಕಾಲು ನಿಲ್ಲುವುದಿಲ್ಲ. ನಿಮ್ಮ ಚಿತ್ರದಲ್ಲಿ ದಿಮ್ಮಿಯ ಮೇಲ್ಮೈ ಒಂದು ಕಡೆ ಮಾತ್ರ ಪಾದದ ಅಗಲಕ್ಕೆ ಸವೆದು ತುಸು ತಗ್ಗಾಗಿದೆ; ತಳವಂತೂ ಗಾಜಿನಂತೆ ನುಣುಪಾಗಿದೆ. ನೊಗದ ಪಕ್ಕದಲ್ಲೇ ಇಟ್ಟಿದ್ದಾರೆಂದರೆ ಆ ಮನೆಯವರಿಗೆ ಅದು ಏನೆಂದು ಚೆನ್ನಾಗಿ ಗೊತ್ತಿರಬೇಕು. ಅವರನ್ನೇ ಕೇಳಬಹುದಿತ್ತು!

ಪ್ರಶ್ನೆ: ಒಂದು ಗೇಣಿಗಿಂತ ಸ್ವಲ್ಪ ಚಿಕ್ಕದಾದ, ಎತ್ತಲು ಕಷ್ಟವಾಗುವಷ್ಟು ಭಾರದ ಕಬ್ಬಿಣದ ಲೋಟದಂಥ ವಸ್ತು. ಔಷಧ ಜಜ್ಜುವ ಕುಟ್ಟಾಣಿ ಎಂದುಕೊಂಡು ಅಡುಗೆಮನೆಯಲ್ಲಿ ಶುಂಠಿ, ಬೆಳ್ಳುಳ್ಳಿ ಜಜ್ಜಲು ಬಳಸುತ್ತಿದ್ದೇವೆ. ತಳದ ಹತ್ತಿರ ಪಕ್ಕದಲ್ಲಿ ಒಂದು ಸಣ್ಣ ತೂತು ಇರುವುದೇಕೆ?
– ಓದುಗರು, ಪುತ್ತೂರು

ಉತ್ತರ: ಆ ತೂತೇ ಕುಟ್ಟಾಣಿಯಲ್ಲ ಎಂಬುದಕ್ಕೆ ಸಾಕ್ಷಿ. ಜಜ್ಜಿದ ರಸವೆಲ್ಲ ಸೋರಿಹೋಗಲೆಂದು ಯಾರೂ ಕುಟ್ಟಾಣಿಗೆ ತೂತು ಕೊರೆಯುವುದಿಲ್ಲ. ಇದು ದೇವಸ್ಥಾನದ ಉತ್ಸವಗಳಲ್ಲಿ ಸಿಡಿಸುವ ಕದಿನ. ಇದರೊಳಗೆ ಮದ್ದು ತುಂಬಿ, ಮೇಲೆ ಇಟ್ಟಿಗೆಯ ಪುಡಿಯನ್ನೋ ಮಣ್ಣನ್ನೋ ಗಟ್ಟಿಯಾಗಿ ಗಿಡಿದು, ನೆಲದಲ್ಲಿ ನೇರವಾಗಿ ನಿಲ್ಲಿಸಿ, ಪಕ್ಕದ ತೂತಿನ ಮೂಲಕ ಬೆಂಕಿ ಕೊಡುತ್ತಾರೆ. ಸದ್ದು ಬಯಲಿನಾಚೆಗೂ ಕೇಳಿಸುತ್ತದೆ. ಗೋಡೆ ಇಷ್ಟು ದಪ್ಪವಿರುವುದು ಸಿಡಿತವನ್ನು ತಡೆದು ಬಾಯಿಯ ಕಡೆಗೆ ಮಾತ್ರ ಬಿಡಲಿಕ್ಕೆ. ನಿಮ್ಮದರ ಒಳಗೋಡೆಯಲ್ಲಿ ತಳದ ಸುತ್ತ ಮಾತ್ರ ಕಬ್ಬಿಣ ತಿಂದುಹೋದಂತೆ ಹೊಂಡ ಹೊಂಡವಾಗಿದೆ; ಅದು ಒನಕೆಯ ಪೆಟ್ಟಿನ ಗುರುತಲ್ಲ, ಮದ್ದು ಸುಟ್ಟ ಗುರುತು.

ಎರಡು ಮಾತು ಎಚ್ಚರಿಕೆಗಾಗಿ. ಇದರಲ್ಲಿ ಜಜ್ಜಿದ್ದನ್ನು ತಿನ್ನುವುದನ್ನು ಇಂದೇ ನಿಲ್ಲಿಸಿ. ಇಂತಹ ವಸ್ತು ಬೇರೆ ಓದುಗರಿಗೆ ಸಿಕ್ಕಿ, ಬಾಯಿ ಮಣ್ಣಿನಿಂದ ಮುಚ್ಚಿಕೊಂಡಿದ್ದರೆ ಅದನ್ನು ಕುಟ್ಟಿ ಬಿಡಿಸಲು ಹೋಗಬೇಡಿ, ಬೆಂಕಿಯ ಹತ್ತಿರ ಇಡಬೇಡಿ. ಒಳಗೆ ಮದ್ದು ಉಳಿದಿರಬಹುದು. ಮುಟ್ಟದೆ ದೂರವಿದ್ದು ಪೊಲೀಸರಿಗೆ ತಿಳಿಸಿ. ಮಕ್ಕಳ ಎದುರಿಗೆ ಸಿಡಿಸಿ ನೋಡುವ ಉತ್ಸಾಹವಂತೂ ಬೇಡವೇ ಬೇಡ. ಅದು ಪರವಾನಗಿ ಇದ್ದವರ ಕೆಲಸ.

ಪ್ರಶ್ನೆ: ಮಲ್ಪೆಯಲ್ಲಿ ಹಳೆಯ ಸಾಮಾನುಗಳ ರಾಶಿಯಲ್ಲಿ ಬಿದಿರಿನ ಚಪ್ಪಟೆ ಕಡ್ಡಿಯೊಂದನ್ನು ಕೊಂಡೆ. ಒಂದು ತುದಿ ಚೂಪು, ಇನ್ನೊಂದು ತುದಿ ಕವಲು. ನಡುವೆ ಕಿಟಕಿಯಂತೆ ಕೊರೆದು ಅದರೊಳಗೆ ಒಂದು ನಾಲಗೆಯನ್ನು ಉಳಿಸಿದ್ದಾರೆ. ಜೊತೆಗೆ ಏನೂ ಕೊರೆಯದ ಒಂದು ಬಿದಿರಿನ ಪಟ್ಟಿ. ತಲೆಗೂದಲಿಗೆ ಸಿಕ್ಕಿಸುವ ಆಭರಣವೇ?
– ಓದುಗರು, ಸಾಗರ

ಉತ್ತರ: ಬಲೆ ಹೆಣೆಯುವ ಸೂಜಿ. ನೂಲನ್ನು ಒಳಗಿನ ನಾಲಗೆಗೆ ಸುತ್ತಿ, ಕೆಳಗಿನ ಕವಲಿನ ಮೂಲಕ ತಂದು, ಸೂಜಿಯನ್ನು ತಿರುಗಿಸಿ ಮತ್ತೆ ನಾಲಗೆಗೆ ಹಾಕುತ್ತಾ ಹೋದರೆ ಇಷ್ಟು ಸಪುರದ ಕಡ್ಡಿಯಲ್ಲಿ ಮಾರುಗಟ್ಟಲೆ ನೂಲು ಹಿಡಿಯುತ್ತದೆ. ಉಂಡೆಯನ್ನು ಬಲೆಯ ಕಣ್ಣಿನೊಳಗೆ ತೂರಿಸಲು ಸಾಧ್ಯವಿಲ್ಲದ್ದರಿಂದ ಈ ಏರ್ಪಾಡು. ನೀವು ಹೆಚ್ಚು ಗಮನ ಕೊಡದ ಆ ಪಟ್ಟಿ ಸೂಜಿಯಷ್ಟೇ ಮುಖ್ಯವಾದದ್ದು. ಪ್ರತಿ ಗಂಟು ಹಾಕುವಾಗಲೂ ನೂಲನ್ನು ಪಟ್ಟಿಗೆ ಒಂದು ಸುತ್ತು ತಂದೇ ಗಂಟು ಬಿಗಿಯುತ್ತಾರೆ, ಹಾಗಾಗಿ ಎಲ್ಲ ಕಣ್ಣುಗಳೂ ಒಂದೇ ಅಳತೆಗೆ ಬರುತ್ತವೆ. ಪಟ್ಟಿಯ ಅಗಲ ನೋಡಿ ಯಾವ ಗಾತ್ರದ ಮೀನಿನ ಬಲೆ ಎಂದು ಬಲ್ಲವರು ಹೇಳಿಬಿಡುತ್ತಾರೆ. ನಿಮ್ಮದು ಒಂದು ಬೆರಳಿನಷ್ಟೇ ಅಗಲ, ಎಂದರೆ ಸಣ್ಣ ಮೀನಿನದು. ಈಗ ನೈಲಾನ್ ಬಲೆ ಕಾರ್ಖಾನೆಯಿಂದಲೇ ಬರುತ್ತದೆ. ಆದರೂ ಹರಿದ ಬಲೆಯನ್ನು ಸರಿಪಡಿಸಲು ಸೂಜಿ ಬೇಕೇ ಬೇಕು. ಈಗಿನದು ಪ್ಲಾಸ್ಟಿಕ್ಕಿನದು, ಆಕಾರ ಮಾತ್ರ ಬದಲಾಗಿಲ್ಲ.

ಪ್ರಶ್ನೆ: ನಮ್ಮ ಹಿತ್ತಿಲಿನಲ್ಲಿ ಬಟ್ಟೆ ಒಗೆಯಲು ಬಳಸುತ್ತಿದ್ದ ಚಪ್ಪಡಿ ಕಲ್ಲೊಂದು ಈ ಕಡೆಯ ಕಲ್ಲಿನಂತಿಲ್ಲ. ಬೂದು ಬೆರೆತ ಹಳದಿ ಬಣ್ಣ, ನಾಲ್ಕು ಬೆರಳು ದಪ್ಪ, ಮೇಲ್ಮೈ ಬಹಳ ನಯ. ಇಬ್ಬರು ಸೇರಿ ಎತ್ತಬೇಕು. ಮುತ್ತಜ್ಜ ಮಂಗಳೂರಿನ ಒಂದು ಮುದ್ರಣಾಲಯದಲ್ಲಿ ಕೆಲಸಕ್ಕಿದ್ದರಂತೆ. ಕಲ್ಲಿಗೂ ಅದಕ್ಕೂ ಸಂಬಂಧ ಇರಬಹುದೇ?
– ಓದುಗರು, ಮಂಗಳೂರು

ಉತ್ತರ: ಇರಬಹುದು. ಹಾಗೊಂದು ವೇಳೆ ಇದ್ದರೆ ನೀವು ಒಗೆಯುತ್ತಿದ್ದದ್ದು ಬವೇರಿಯಾದಿಂದ ಹಡಗಿನಲ್ಲಿ ಬಂದ ಕಲ್ಲಿನ ಮೇಲೆ.

ಅಚ್ಚಿನ ಮೊಳೆಗಳನ್ನು ಜೋಡಿಸಿ ಮುದ್ರಿಸುವ ಪದ್ಧತಿಯ ಜೊತೆಗೆ ಕಲ್ಲಚ್ಚು ಎಂಬ ಇನ್ನೊಂದು ಪದ್ಧತಿಯಿತ್ತು. 18ನೇ ಶತಮಾನದ ಕೊನೆಯಲ್ಲಿ ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ ಕಂಡುಹಿಡಿದ ಈ ಪದ್ಧತಿಯ ತತ್ತ್ವ ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಎಂಬುದಷ್ಟೇ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡುಳ್ಳ ಮಸಿಯಿಂದ ಅಕ್ಷರವನ್ನೋ ಚಿತ್ರವನ್ನೋ ಬರೆಯುವುದು, ಕಲ್ಲನ್ನು ಹದಗೊಳಿಸಿ ನೀರಿನಿಂದ ಒದ್ದೆ ಮಾಡುವುದು, ಆಮೇಲೆ ಎಣ್ಣೆಮಸಿಯ ಉರುಳೆಯನ್ನು ಹಾಯಿಸುವುದು. ಬರಿಯ ಕಲ್ಲು ನೀರನ್ನು ಹೀರಿಕೊಂಡು ಮಸಿಯನ್ನು ದೂರವಿಡುತ್ತದೆ, ಜಿಡ್ಡಿನ ಬರಹ ನೀರನ್ನು ದೂಡಿ ಮಸಿಯನ್ನು ಹಿಡಿಯುತ್ತದೆ. ಮೇಲೆ ಕಾಗದವಿಟ್ಟು ಒತ್ತಿದರೆ ಅಚ್ಚು. ಕಲ್ಲಿನಲ್ಲಿ ಏನನ್ನೂ ಕೆತ್ತುವುದಿಲ್ಲ ಎಂಬುದನ್ನು ಗಮನಿಸಬೇಕು. ಆದುದರಿಂದಲೇ ಕೆಲಸ ಮುಗಿದ ಮೇಲೆ ಮರಳು ಮತ್ತು ನೀರು ಹಾಕಿ ಉಜ್ಜಿ ಅದೇ ಕಲ್ಲನ್ನು ಹೊಸ ಬರಹಕ್ಕೆ ಬಳಸಬಹುದು. ಇದಕ್ಕೆ ಅತಿ ನುಣುಪಾದ ಕಣದ ಕಲ್ಲು ಬೇಕು. ಅದಕ್ಕೆ ಹೆಸರಾದದ್ದು ಬವೇರಿಯಾದ ಸೋಲ್ನ್‌ಹೋಫೆನ್ ಕಲ್ಲು, ಬಣ್ಣ ನೀವು ಹೇಳಿದಂತೆಯೇ ಹಳದಿ ಇಲ್ಲವೇ ಬೂದು.

ಮಂಗಳೂರಿಗೂ ಕಲ್ಲಚ್ಚಿಗೂ ನಂಟು ಹಳೆಯದು. ಕ್ರೈಸ್ತ ಧರ್ಮಪ್ರಚಾರಕ್ಕೆ ಬಂದಿದ್ದ ಬಾಸೆಲ್ ಮಿಶನ್ನಿನವರು 1841ರಲ್ಲಿ ಇಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. ಕನ್ನಡದ ಮೊದಲ ಪತ್ರಿಕೆಯೆನಿಸಿದ ಮಂಗಳೂರ ಸಮಾಚಾರವನ್ನು ಆ ಮಿಶನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಹೊರತಂದದ್ದು ಕಲ್ಲಚ್ಚಿನಲ್ಲಿಯೇ. ಆ ದಿನವನ್ನು ನಾವು ಈಗಲೂ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಹಾಗೆಂದು ನಿಮ್ಮ ಹಿತ್ತಿಲಿನ ಕಲ್ಲು ಮೊಗ್ಲಿಂಗರದೇ ಎಂದು ನೆಂಟರಿಷ್ಟರಿಗೆ ಹೇಳಿಕೊಂಡು ತಿರುಗಬೇಡಿ. ಕಲ್ಲಚ್ಚು ಬಹಳ ಕಾಲ ಬಳಕೆಯಲ್ಲಿತ್ತು.

ಪರೀಕ್ಷಿಸುವ ಬಗೆ ಹೀಗೆ. ಬಟ್ಟೆ ಒಗೆದ ಮುಖವನ್ನು ಬಿಟ್ಟುಬಿಡಿ, ಸಾಬೂನು ಅಲ್ಲಿ ಏನನ್ನೂ ಉಳಿಸಿರುವುದಿಲ್ಲ. ಕಲ್ಲನ್ನು ಮಗುಚಿ ಹಾಕಿ, ನೆಲಕ್ಕೆ ತಾಗಿಕೊಂಡಿದ್ದ ಮುಖದ ಮಣ್ಣನ್ನು ಬರಿಯ ನೀರಿನಿಂದ ತೊಳೆದು, ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ. ಒದ್ದೆ ಕಲ್ಲು ಒಣಗುತ್ತಾ ಬರುವಾಗ ಹಳೆಯ ಜಿಡ್ಡು ಇದ್ದ ಜಾಗ ಬೇರೆಯಾಗಿ ತೋರಬಹುದು. ಅಕ್ಷರ ಕಂಡರೆ ಅದು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿರುತ್ತದೆ. ಅಂಚುಗಳು ಒರಟಾಗಿದ್ದು ಎರಡು ಮುಖಗಳೂ ಎಲ್ಲ ಕಡೆ ಸಮವಾದ ದಪ್ಪದ್ದಾಗಿದ್ದರೆ ಅದೂ ಒಂದು ಒಳ್ಳೆಯ ಗುರುತು, ಏಕೆಂದರೆ ಯಂತ್ರದಲ್ಲಿ ಒತ್ತುವಾಗ ದಪ್ಪದಲ್ಲಿ ಹೆಚ್ಚುಕಡಿಮೆಯಾದರೆ ಕಲ್ಲು ಸೀಳಿಬಿಡುತ್ತದೆ. ಲಿಂಬೆರಸ ಹಾಕಿ ನೊರೆ ಬರುತ್ತದೆಯೇ ಎಂದು ನೋಡುವ ಮನಸ್ಸಾದರೆ ಅಂಚಿನ ಮೇಲೆ ಒಂದೇ ಒಂದು ಹನಿ ಸಾಕು, ಮುಖದ ಮೇಲೆ ಬೇಡ. ಅಲ್ಲಿಯವರೆಗೆ ಬಟ್ಟೆಗೆ ಬೇರೆ ಕಲ್ಲು ನೋಡಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ತೀರಿಹೋದ ಅಜ್ಜನ ಸಾಮಾನಿನ ನಡುವೆ ಒಂದು ಮೊಳದೊಳಗಿನ ಉದ್ದದ ಎಲುಬು ಸಿಕ್ಕಿದೆ. ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಮಾಟದ ವಸ್ತುವೆಂದು ಮನೆಯವರು ಹೆದರಿ ಹೊರಗಿಟ್ಟಿದ್ದಾರೆ.
– ಓದುಗರು, ಕಾರ್ಕಳ

ಉತ್ತರ: ಹೆದರುವ ಕಾರಣವಿಲ್ಲ. ಅಜ್ಜ ಮೂರ್ತೆಗಾರಿಕೆ, ಅಂದರೆ ಕಳ್ಳು ಇಳಿಸುವ ಕೆಲಸ, ಮಾಡುತ್ತಿದ್ದರೇ ಎಂದು ಹಿರಿಯರನ್ನು ವಿಚಾರಿಸಿ. ತೆಂಗಿನ ಹೊಂಬಾಳೆ ಒಡೆಯುವ ಮೊದಲೇ ಅದನ್ನು ಸುತ್ತಲೂ ಬಿಗಿದು ಕಟ್ಟಿ, ದಿನವೂ ಎಲುಬಿನಿಂದಲೋ ಗಟ್ಟಿ ಮರದ ತುಂಡಿನಿಂದಲೋ ಮೆಲ್ಲಮೆಲ್ಲನೆ ಬಡಿದು ಹದಗೊಳಿಸುತ್ತಾರೆ. ಆಮೇಲೆ ತುದಿಯನ್ನು ತೆಳ್ಳಗೆ ಕೆತ್ತುತ್ತಾ ಬಂದರೆ ಕಳ್ಳು ಇಳಿಯತೊಡಗುತ್ತದೆ. ಬಡಿತ ಜೋರಾದರೆ ಹೊಂಬಾಳೆ ಕೊಳೆಯುತ್ತದೆ, ಸಾಲದಾದರೆ ಒಸರುವುದಿಲ್ಲ. ಎಲುಬಿನ ಒಂದು ತುದಿ ಕಪ್ಪಾಗಿ ಹೊಳೆಯುವುದು ಕೈಯ ಬೆವರಿನಿಂದ, ಮಧ್ಯದಿಂದಾಚೆಗೆ ಒಂದೇ ಮಗ್ಗುಲಿನಲ್ಲಿ ಕಾಣುವ ಸಣ್ಣ ಸಣ್ಣ ತಗ್ಗುಗಳು ಬಡಿತದಿಂದ. ಮಾಟಕ್ಕೆ ಇಟ್ಟ ಎಲುಬು ಹೀಗೆ ಸವೆಯಲು ಕಾರಣವೇ ಇಲ್ಲ. ಮರವೇರಿ ಮನೆ ಸಾಕಿದವರ ಉಪಕರಣ ಅದು, ಒಳಗೆ ತಂದಿಡಿ.

ಪ್ರಶ್ನೆ: ಮಡಚುವ ಚೂರಿಯಂತಹ ಕಬ್ಬಿಣದ ವಸ್ತು, ಒಂದು ತುದಿಯಲ್ಲಿ ಸಣ್ಣ ಅಲಗು, ಇನ್ನೊಂದು ತುದಿಯಲ್ಲಿ ಸೂಜಿಯಂಥ ಮೊನೆ. ಹಳ್ಳಿವೈದ್ಯರ ಶಸ್ತ್ರವಿರಬಹುದೇ?
– ಓದುಗರು, ಉಡುಪಿ

ಉತ್ತರ: ಓಲೆಗರಿಯ ಮೇಲೆ ಬರೆಯುವ ಕಂಠ. ಅಲಗು ಗರಿಯ ಅಂಚನ್ನು ಕತ್ತರಿಸಿ ಸಮ ಮಾಡಲು, ಮೊನೆ ಅಕ್ಷರ ಕೊರೆಯಲು. ಎಡಗೈಯಲ್ಲಿ ಗರಿಯನ್ನು ಹಿಡಿದು ಎಡಗೈ ಹೆಬ್ಬೆರಳಿನ ಆಸರೆಯಲ್ಲಿ ಕಂಠವನ್ನು ನಡೆಸುತ್ತಿದ್ದರು. ಕೊರೆದಾಗ ಅಕ್ಷರ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಎಣ್ಣೆಯಲ್ಲಿ ಕಲಸಿದ ದೀಪದ ಮಸಿಯನ್ನು ಗರಿಯ ಮೇಲೆಲ್ಲ ಸವರಿ ಒರೆಸಿದಾಗ ಗೀರಿನೊಳಗೆ ಕಪ್ಪು ಉಳಿದು ಓದಲು ಬರುತ್ತದೆ. ಉಡುಪಿಯ ಮಠಗಳಲ್ಲಿ ತುಳು ಲಿಪಿಯ ಗ್ರಂಥಗಳು ಹೀಗೆ ಸಿದ್ಧವಾದವು. ನಿಮ್ಮದರ ಮೊನೆ ಚುಚ್ಚುವಷ್ಟು ಹರಿತವಿಲ್ಲ, ತುಸು ದುಂಡಗಾಗಿದೆ ಎಂದು ಬರೆದಿದ್ದೀರಿ. ಅದನ್ನು ಮಸೆಯಬೇಡಿ. ಗರಿ ತೂತಾಗದೆ ಗೀರು ಮಾತ್ರ ಬೀಳಬೇಕಾದರೆ ಮೊನೆ ಹಾಗೆಯೇ ಇರಬೇಕು, ವೈದ್ಯರ ಶಸ್ತ್ರವಾದರೆ ಹಾಗಿದ್ದು ಪ್ರಯೋಜನವಿಲ್ಲ. ಜೊತೆಯಲ್ಲಿ ಗರಿಗಳ ಕಟ್ಟು ಏನಾದರೂ ಇದ್ದರೆ ದಾರ ಬಿಚ್ಚದೆ ಹಸ್ತಪ್ರತಿ ಬಲ್ಲವರಿಗೆ ತೋರಿಸಿ.

ಪ್ರಶ್ನೆ: ಹಳೆಯ ಮಾಡಿನ ಹಂಚುಗಳಲ್ಲಿ ಒಂದಕ್ಕೆ ಮಾತ್ರ ಬೆನ್ನಿನ ಮೇಲೆ ಕುಲಾವಿಯಂತೆ ಉಬ್ಬಿದ ಬಾಯಿ ಇದೆ. ಹೊಸ ಮಾಡಿಗೂ ಅದನ್ನು ಹಾಕಬಹುದೇ?
– ಓದುಗರು, ಸುರತ್ಕಲ್

ಉತ್ತರ: ಅಡುಗೆಮನೆಯ ಹೊಗೆ ಮತ್ತು ಸೆಕೆ ಹೊರಹೋಗಲೆಂದು ಮಾಡಿದ ಗಾಳಿಹಂಚು. 1865ರಲ್ಲಿ ಬಾಸೆಲ್ ಮಿಶನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಊರಿನಲ್ಲಿ ಬೆಳೆದ ಹಂಚಿನ ಉದ್ಯಮ ಬರಿಯ ಮಾಡಿನ ಹಂಚನ್ನಲ್ಲದೆ ಮೂಲೆಹಂಚು, ಗಾಜಿನ ಹಂಚು, ಗಾಳಿಹಂಚುಗಳನ್ನೂ ಒದಗಿಸುತ್ತಿತ್ತು. ಸುತ್ತಲಿನ ಹಂಚುಗಳು ಅದೇ ಅಳತೆಯವಾದರೆ ಧಾರಾಳವಾಗಿ ಹಾಕಬಹುದು. ಬಾಯಿ ಸೂರಿನ ಕಡೆಗೆ ಇರಲಿ. ಮಾಡಿನ ನೆತ್ತಿಯ ಕಡೆಗೆ ತಿರುಗಿಸಿ ಹಾಕಿದರೆ ಮಳೆಗಾಲದ ಆಟಿ ತಿಂಗಳು ಮುಗಿಯುವವರೆಗೂ ಒಲೆ ಹೊತ್ತಿಸುವ ಆಸೆ ಬಿಡಬೇಕಾಗುತ್ತದೆ.